ಬೆಕ್ಕಿನ ಪಾಲು ಒಗ್ಗರಣೆಗೆ ಮೊದಲೇ

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಕುಡಿದ ಮೇಲೆ ಅದರ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ತಾಯಿಯ ಮೊಲೆ ಬಿಟ್ಟ ಮರಿ ಬೆಳೆಯುತ್ತಿದ್ದಂತೆ, ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಅದರ ಕರುಳಿನಲ್ಲಿ ಕಡಿಮೆಯಾಗುತ್ತದೆ. ಬಟ್ಟಲು ತುಂಬ ಹಾಲು ಕುಡಿದ ಬೆಕ್ಕಿಗೆ ಹಲವೊಮ್ಮೆ ಭೇದಿಯಾಗುವುದು ಇದರಿಂದಲೇ.

ಹಾಗಾದರೆ ಅಜ್ಜಿಯಂದಿರ ಕಾಲದ ಬೆಕ್ಕುಗಳು ಹಾಲನ್ನ, ಮೊಸರನ್ನ ತಿಂದೇ ಬದುಕಲಿಲ್ಲವೆ? ಬದುಕಿದವು. ಆದರೆ ಆ ಅನ್ನ ಅವುಗಳಿಗೆ ಮೇಲೋಗರ ಮಾತ್ರ. ನಿಜವಾದ ಊಟ ಅಟ್ಟದ ಮೇಲೆ, ಕಣಜದ ಸಂದಿಯಲ್ಲಿ, ಹಿತ್ತಿಲಿನಲ್ಲಿ ನಡೆಯುತ್ತಿತ್ತು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಬಾಗಿಲು ಹಾಕಿದ ಮನೆಯೊಳಗೆ ಬೆಳೆಯುವ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಮಕ್ಕಳು ಹಟ ಹಿಡಿದು ತಂದ ಮರಿಗೆ ಮೊಸರನ್ನವೇ ಗತಿಯಾದರೆ ಹೊಟ್ಟೆ ತುಂಬೀತು, ಮೈ ತುಂಬದು.

ಕಾರಣ, ಟಾರಿನ್ ಎಂಬ ಪೋಷಕಾಂಶ. ಬೆಕ್ಕಿನ ದೇಹ ಇದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಪಡೆಯಬೇಕು. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ಕ್ಷಯಿಸುತ್ತದೆಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಸಕಾಲದಲ್ಲಿ ಟಾರಿನ್ ಕೊಟ್ಟರೆ ಹೃದಯ ಅನೇಕ ವೇಳೆ ಚೇತರಿಸಿಕೊಳ್ಳುತ್ತದೆ. ಹೋದ ಕಣ್ಣು ಮರಳಿ ಬಾರದು. ಇನ್ನು ಪಾಯಸದ ಬಟ್ಟಲು ನೆಕ್ಕುವ ಬೆಕ್ಕಿನ ವಿಚಾರ. ಅದಕ್ಕೆ ಸಿಹಿಯ ರುಚಿಯೇ ತಿಳಿಯದೆಂದು 2005ರಲ್ಲಿ ಗೊತ್ತಾಯಿತು. ಅದು ಹುಡುಕುವುದು ತುಪ್ಪವನ್ನೇ ಇರಬೇಕು!

ಮಾಂಸದಡುಗೆಯ ಮನೆಗಳಲ್ಲಿ ಬೇರೆಯದೇ ಅಪಾಯ. ಉಳಿದ ಸಾರಿನ ಚೂರುಗಳನ್ನು ಬೆಕ್ಕಿಗೆ ಹಾಕುವುದು ವಾಡಿಕೆ. ಆದರೆ ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ, ಬೆಂದಿರಲಿ, ಪುಡಿಯಾಗಿರಲಿ, ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಆದ್ದರಿಂದ ಅದರ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಬೇಕು. ಪ್ರತ್ಯೇಕ ಅಡುಗೆ ಬೇಕಿಲ್ಲ.

ಅರ್ಧ ಕಿಲೋ ಕೋಳಿಯನ್ನು ಮೂರು ಲೋಟ ನೀರಿನಲ್ಲಿ, ಉಪ್ಪು ಹಾಕದೆ, ಮೆತ್ತಗಾಗುವವರೆಗೆ ಬೇಯಿಸಿ. ಒಂದು ಹಿಡಿ ಮಾಂಸವನ್ನು ಮೂಳೆಯಿಂದ ಬಿಡಿಸಿ, ಎಳೆ ಮಾಡಿ ಆರಲು ಬಿಡಿ. ಬೆಂದ ಮೂಳೆ ಚೂಪಾಗಿ ಸೀಳುವುದರಿಂದ ಅದನ್ನು ಕೊಡಲೇಬಾರದು. ಟಾರಿನ್ ನೀರಿಗೆ ಇಳಿಯುವ ವಸ್ತುವಾದ್ದರಿಂದ ಬೆಂದ ನೀರನ್ನೂ ನಾಲ್ಕು ಚಮಚ ಸೇರಿಸಿ. ಇದು ಬೆಕ್ಕಿನದು. ಮನೆಯವರಿಗೆ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಅರಿಸಿನ, ಒಂದು ಚಮಚ ಮೆಣಸಿನಪುಡಿ (ಕಾಳುಮೆಣಸಿನದು), ಎರಡು ಚಮಚ ಧನಿಯಾಪುಡಿ ಹಾಕಿ, ಉಳಿದ ಮಾಂಸವನ್ನು ನೀರಿನ ಸಮೇತ ಸುರಿಯಿರಿ. ಉಪ್ಪು ಬೆರೆಸಿ ಐದು ನಿಮಿಷ ಕುದಿಸಿ, ನಿಂಬೆರಸ ಹಿಂಡಿದರೆ ಮುದ್ದೆಗೂ ಅನ್ನಕ್ಕೂ ಒಗ್ಗುವ ಸಾರು. ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರಿಗೂ ಇದು ಕಷ್ಟವಲ್ಲ.

ಮೊಟ್ಟೆಯಷ್ಟೇ ತರುವ ಮನೆಯಲ್ಲಿ ನಾಲ್ಕು ಮೊಟ್ಟೆ ಬೇಯಿಸಿ, ಅರ್ಧವನ್ನು ಕಿವುಚಿ ಸಪ್ಪೆಯಾಗಿಯೇ ಬೆಕ್ಕಿಗಿಡಿ. ಉಳಿದವನ್ನು ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ಹೊರಳಿಸಿ ಕಾಯಿತುರಿ ಉದುರಿಸಿದರೆ ಚಪಾತಿಗೆ ಪಲ್ಯ.

ಇವೆರಡೂ ಬೆಕ್ಕಿಗೆ ಆಗಾಗಿನ ಸವಿಯೇ ಹೊರತು ಪೂರ್ಣಾಹಾರವಲ್ಲ. ಮೊಟ್ಟೆಯಲ್ಲಿ ಟಾರಿನ್ ತೀರ ಕಡಿಮೆ. ಇಲಿಯನ್ನು ಎಲುಬು ಸಹಿತ ತಿಂದಾಗ ಸಿಗುವ ಸುಣ್ಣದಂಶ ಬರೀ ಮಾಂಸದಲ್ಲಿಲ್ಲ. ಹೊರಗೆ ಬೇಟೆಯಾಡದ ಬೆಕ್ಕಿಗೆ, ಅದರಲ್ಲೂ ಸಸ್ಯಾಹಾರಿಗಳ ಮನೆಯಲ್ಲಿ, ಟಾರಿನ್ ಸೇರಿಸಿದ ಅಂಗಡಿಯ ಬೆಕ್ಕಿನ ಆಹಾರವೇ ದಿನನಿತ್ಯಕ್ಕೆ ಸರಿ. ನಾಯಿಯ ಆಹಾರ ಆಗದು.

ಚಾಕೊಲೇಟ್, ಕಾಫಿ, ದ್ರಾಕ್ಷಿ ದೂರವಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬೆಕ್ಕು ಮಂಕಾಗಿದೆಯೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಎರಡು ದಿನ ಏನೂ ಮುಟ್ಟದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಸಂಭವವಿದೆ; ಮೂರನೆಯ ದಿನಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.