ಧಾತು ಎಂದರೆ ಏನು?

ಸಂಡೂರಿನ ಬೆಟ್ಟದಿಂದ ತಂದ ಕಬ್ಬಿಣದ ಅದಿರಿನ ತುಂಡೊಂದನ್ನು ತೋರಿಸಿ, ‘ಇದರಲ್ಲಿ ಎಷ್ಟು ಧಾತುಗಳಿವೆ?’ ಎಂದು ಕೇಳಿದರೆ ಬಳ್ಳಾರಿಯಂಥ ಊರಿನಲ್ಲಿ ಮೂರು ಬಗೆಯ ಉತ್ತರ ದೊರೆಯಬಹುದು. ಮೂರೂ ಸರಿಯೇ! ಈ ಅದಿರು ಬಹುಮಟ್ಟಿಗೆ ಹೆಮಟೈಟ್, ಎಂದರೆ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಶುದ್ಧ ಹೆಮಟೈಟಿನ 100 ಕಿಲೋಗ್ರಾಮಿನಲ್ಲಿ ಕಬ್ಬಿಣ ಸುಮಾರು 70 ಕಿಲೋಗ್ರಾಂ, ಉಳಿದುದು ಆಮ್ಲಜನಕ. ಕನ್ನಡದ ರಸಾಯನಶಾಸ್ತ್ರದಲ್ಲಿ ಧಾತುವೆಂದರೆ ಮೂಲವಸ್ತು. ಆದುದರಿಂದ ಇಲ್ಲಿ ಧಾತುಗಳು ಎರಡು. ಹಿಂದಿಯಲ್ಲಿ ಧಾತುವೆಂದರೆ ಲೋಹ. ಆ ಲೆಕ್ಕದಲ್ಲಿ ಒಂದೇ. ತೆಲುಗಿನ ಪಾಠಗಳಲ್ಲಿ ‘ಧಾತುವು’ ಎಂದರೆ ಅದಿರು. ಅವರಿಗೆ ಕೈಯಲ್ಲಿರುವ ಕಲ್ಲೇ ಧಾತು. ಸತ್ಯನಾರಾಯಣಪೇಟೆಯ ಒಂದೇ ಬೀದಿಯಲ್ಲಿ ಹಲವು ನುಡಿಗಳು ಕಿವಿಗೆ ಬೀಳುವುದರಿಂದ ಇದು ಬರಿಯ ಪದವಿನೋದವಲ್ಲ. ‘ಆಮ್ಲಜನಕವು ಒಂದು ಧಾತು’ ಎಂಬ ವಾಕ್ಯಕ್ಕೆ ಕನ್ನಡದ ಉತ್ತರಪತ್ರಿಕೆಯಲ್ಲಿ ಅಂಕ ದೊರೆಯುತ್ತದೆ, ಹಿಂದಿಯದರಲ್ಲಿ ಹೋಗುತ್ತದೆ.

ಅದೇ ವಿದ್ಯಾರ್ಥಿ ಮುಂದಿನ ಗಂಟೆಯಲ್ಲಿ ವ್ಯಾಕರಣಕ್ಕೆ ಕುಳಿತರೆ ಅಲ್ಲಿ ‘ಮಾಡು’ ಎಂಬುದೂ ಧಾತು. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಮಾಡಿದನು, ಮಾಡುವಳು, ಮಾಡರು – ಇವುಗಳ ಪ್ರತ್ಯಯಗಳನ್ನು ಕಳಚಿದರೆ ಉಳಿಯುವುದು ‘ಮಾಡು’. ಅದನ್ನೂ ಒಡೆಯಬಹುದಲ್ಲವೆ ಎಂದು ವಾಚಕರು ಕೇಳಬಹುದು. ನಿಜ, ಮ್, ಆ, ಡ್, ಉ ಎಂದು ಬಿಡಿಸಬಹುದು. ಆಗ ಧ್ವನಿಗಳು ಉಳಿಯುತ್ತವೆ, ಅರ್ಥ ಉಳಿಯುವುದಿಲ್ಲ. ಕಬ್ಬಿಣದ ಪರಮಾಣುವಿನ ಸ್ಥಿತಿಯೂ ಇಂಥದೇ. ಅದರ ಬೀಜದಲ್ಲಿ 26 ಪ್ರೋಟಾನುಗಳಿವೆ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ನೋಡಿದರೆ ಅದರಲ್ಲಿ ಕಬ್ಬಿಣದ ಗುಣವೇನೂ ಇಲ್ಲ. ಚಿನ್ನದ ಪ್ರೋಟಾನಿಗೂ ಅದಕ್ಕೂ ಭೇದವಿಲ್ಲ. ‘ಮೂಲವಸ್ತು’ ಎಂದರೆ ಸಂದೇಹಕ್ಕೆ ಎಡೆಯಿಲ್ಲದಿದ್ದರೂ, ಈ ಸಾಮ್ಯದ ದೆಸೆಯಿಂದ ‘ಧಾತು’ವೇ ಹೆಚ್ಚು ಒಪ್ಪುವ ಪದವೆಂದು ನನಗೆ ತೋರುತ್ತದೆ.

ಸಂಸ್ಕೃತದ ‘ಧಾ’ ಎಂಬುದಕ್ಕೆ ಇಡು, ಧರಿಸು ಎಂಬ ಅರ್ಥಗಳಿವೆ. ಅದಕ್ಕೆ ‘ತು’ ಪ್ರತ್ಯಯ ಸೇರಿ ‘ಧಾತು’ ಆಯಿತು. ಎಂದರೆ, ವೈಯಾಕರಣನ ದೃಷ್ಟಿಯಲ್ಲಿ ‘ಧಾತು’ ಎಂಬ ಪದವೇ ಧಾತುವಲ್ಲ, ಸಂಯುಕ್ತ! ದೇಹವನ್ನು ಧರಿಸುವವೆಂದು ಆಯುರ್ವೇದವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳನ್ನು ಸಪ್ತಧಾತುಗಳೆಂದು ಕರೆಯಿತು. ಧಾತುಪುಷ್ಟಿಯ ಲೇಹ್ಯವನ್ನು ಕೊಳ್ಳುವವರು ರಸಾಯನಶಾಸ್ತ್ರದ ಧಾತುವನ್ನು ಇದರೊಡನೆ ಬೆರಸಬಾರದು. ರಕ್ತವೊಂದರಲ್ಲೇ ಅಂಥ ಧಾತುಗಳು ಹಲವಾರಿವೆ. ಕಬ್ಬಿಣವೂ ಅವುಗಳಲ್ಲೊಂದು: ಬೆಳೆದ ಮನುಷ್ಯನ ದೇಹದಲ್ಲಿ 3ರಿಂದ 4 ಗ್ರಾಂ, ಅದರ ಹೆಚ್ಚಿನ ಪಾಲು ರಕ್ತದ ಹಿಮೋಗ್ಲೋಬಿನಿನಲ್ಲಿ.