ಹಳೆಯ ಕಾರುಗಳ ಎಂಜಿನ್ ಮಾರ್ಪಾಡು: ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳು

ಹಿಂದೂಸ್ತಾನ್ ಕಾಂಟೆಸ್ಸಾ, ಹೋಂಡಾ ಸಿಟಿ ವಿಟೆಕ್ ಮುಂತಾದ, ತಮ್ಮ ಕಾಲದಲ್ಲಿ ಶಕ್ತಿ ಮತ್ತು ವೇಗಕ್ಕೆ ಹೆಸರಾಗಿದ್ದ ಕಾರುಗಳನ್ನು ಅನೇಕ ಮಾಲೀಕರು ಇಂದಿಗೂ ಉಳಿಸಿಕೊಂಡಿದ್ದಾರೆ. ಇಂತಹ ವಾಹನಗಳ ಬಾನೆಟ್ ಅಡಿಯಲ್ಲಿ ಮಾಡಿಸುವ ಕೆಲಸಗಳಲ್ಲಿ ಯಾವುದು ದುರಸ್ತಿ, ಯಾವುದು ಮಾರ್ಪಾಡು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನಿನ ನಿಲುವು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ಬ್ಯಾಟರಿ ಬಳಕೆಗಾಗಿ ಪರಿವರ್ತನಾ ಕಿಟ್ ಅಳವಡಿಸಲು, ನಿಗದಿತ ಷರತ್ತುಗಳಿಗೊಳಪಟ್ಟು ಅವಕಾಶವಿದೆ.

ದುರಸ್ತಿ ಎನಿಸುವ ಕೆಲಸಗಳು

ರೇಡಿಯೇಟರ್, ಬೆಲ್ಟ್, ರಬ್ಬರ್ ಕೊಳವೆ, ಏರ್ ಫಿಲ್ಟರ್, ವೈರಿಂಗ್ ಮುಂತಾದವುಗಳನ್ನು ಅದೇ ಗುಣಮಟ್ಟದ ಬಿಡಿಭಾಗಗಳಿಂದ ಬದಲಾಯಿಸುವುದು ದುರಸ್ತಿಯಾಗಿರುತ್ತದೆ. ಹಳೆಯ ಕಾರುಗಳಲ್ಲಿ ಬಿರುಕು ಬಿಟ್ಟ ಪೆಟ್ರೋಲ್ ಕೊಳವೆ ಹಾಗೂ ಹೊದಿಕೆ ಸವೆದ ವೈರುಗಳು ಬೆಂಕಿಗೆ ಕಾರಣವಾಗಬಲ್ಲವು. ಆದ್ದರಿಂದ ಪೆಟ್ರೋಲ್ ಕೊಳವೆಯನ್ನು ಬಿಸಿ ಹೊಗೆಕೊಳವೆಯಿಂದ ದೂರವಿರಿಸುವುದು ಮತ್ತು ಪ್ರತಿ ಹೆಚ್ಚುವರಿ ವಿದ್ಯುತ್ ಸಂಪರ್ಕಕ್ಕೂ ಸೂಕ್ತ ಫ್ಯೂಸ್ ಅಳವಡಿಸುವುದು ಅವಶ್ಯಕ.

ಎಂಜಿನ್ ಬದಲಾವಣೆ

ಎಂಜಿನ್ ಸಂಖ್ಯೆ ಮತ್ತು ಘನ ಸಾಮರ್ಥ್ಯಗಳು ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುತ್ತವೆ. ಕೆಟ್ಟುಹೋದ ಎಂಜಿನ್ ಬದಲಿಗೆ ಅದೇ ತಯಾರಿಕೆ ಮತ್ತು ಅದೇ ಮಾದರಿಯ ಎಂಜಿನ್ ಜೋಡಿಸುವುದಿದ್ದಲ್ಲಿ, ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಹೊಸ ಸಂಖ್ಯೆಯನ್ನು ನಮೂದಿಸಿಕೊಳ್ಳತಕ್ಕದ್ದು. ಎಂಜಿನ್ ಖರೀದಿಯ ರಸೀದಿಯನ್ನು ಕಾಯ್ದಿರಿಸಿಕೊಳ್ಳಬೇಕು. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದವರ ಲಿಖಿತ ಒಪ್ಪಿಗೆ ಪಡೆಯಬೇಕು. ಬದಲಾವಣೆಯನ್ನು ವಿಮಾ ಕಂಪನಿಗೂ ತಿಳಿಸಬೇಕು.

ಉದಾಹರಣೆಗೆ, 1.5 ಲೀಟರ್ ಎಂಜಿನ್‌ನೊಂದಿಗೆ ನೋಂದಣಿಯಾದ ಕಾಂಟೆಸ್ಸಾಕ್ಕೆ 1.8 ಲೀಟರ್ ಇಸುಜು ಎಂಜಿನ್ ಜೋಡಿಸಿದಲ್ಲಿ ಅದು ಆ ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುತ್ತದೆ. 15 ವರ್ಷಗಳ ನಂತರ ನಮೂನೆ 25ರಲ್ಲಿ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸಿದಾಗ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ದಾಖಲಾಗದ ಎಂಜಿನ್ ಆ ಹಂತದಲ್ಲಿ ಪತ್ತೆಯಾದರೆ ನವೀಕರಣಕ್ಕೆ ಅಡಚಣೆಯಾಗುತ್ತದೆ. ಹಳೆಯ ಕಾರನ್ನು ಖರೀದಿಸುವವರು ಹಣ ಪಾವತಿಸುವ ಮುನ್ನ ಎಂಜಿನ್ ಮೇಲಿನ ಸಂಖ್ಯೆಯನ್ನು ದಾಖಲೆಯೊಂದಿಗೆ ತಾಳೆ ನೋಡುವುದು ಒಳಿತು.

ಹೊಗೆ ಮತ್ತು ಶಬ್ದ

ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರುಗಳ ಐಡ್ಲಿಂಗ್ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 0.5ನ್ನು ಮೀರತಕ್ಕದ್ದಲ್ಲ, ಅದಕ್ಕೂ ಹಿಂದಿನ ಕಾರುಗಳಿಗೆ ಈ ಮಿತಿ ಶೇ. 3. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ವಾಹನವು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವ ಸಾಧ್ಯತೆ ಹೆಚ್ಚು. ಸೈಲೆನ್ಸರ್ ತೆಗೆದು ಕರ್ಕಶ ಶಬ್ದವುಂಟುಮಾಡುವುದು ಸಹ ಅಪರಾಧ.

ವಿಂಟೇಜ್ ವಾಹನಗಳು

2021ರಲ್ಲಿ ಜಾರಿಗೆ ಬಂದ ನಿಯಮಗಳಂತೆ, ಪ್ರಥಮ ನೋಂದಣಿಯಿಂದ 50 ವರ್ಷ ಮೀರಿದ ಹಾಗೂ ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು 'ವಿಎ' ಗುರುತಿನಡಿ ನೋಂದಾಯಿಸಬಹುದು. ಚಾಸಿಸ್, ಕವಚ ಅಥವಾ ಎಂಜಿನ್ ಮಾರ್ಪಡಿಸಿದ ವಾಹನಗಳಿಗೆ ಈ ಸೌಲಭ್ಯ ಲಭ್ಯವಿರುವುದಿಲ್ಲ. ಇಂದು ಕಳಚಿ ಮಾರಿದ ಮೂಲ ಎಂಜಿನ್ ಮುಂದೆ ಈ ಅರ್ಹತೆಯನ್ನೇ ಕಳೆಯಬಹುದು.

ದಂಡನೆ

ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ(4)ರ ಮೇರೆಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಆದುದರಿಂದ ಕೆಲಸ ಆರಂಭಿಸುವ ಮೊದಲೇ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವಂತೆ ಮಾಲೀಕರನ್ನು ಕೋರಲಾಗಿದೆ.