ಬಳಸಿದ ವೇಗದೋಣಿ: ಎಂಜಿನ್ ಆಯ್ಕೆಯ ಲೆಕ್ಕಾಚಾರ

ಅಮೆರಿಕದ ಫ್ಲಾರಿಡಾದಲ್ಲಿ ಬಳಸಿದ ವೇಗದೋಣಿ ಕೊಳ್ಳುವವರು ಮೊದಲು ಕೇಳುವುದು ಅಶ್ವಶಕ್ತಿ. ಕೇಳಬೇಕಾದುದು ಮುಂದಿನ ದುರಸ್ತಿ ವೆಚ್ಚ. ಸೂಪರ್‌ಚಾರ್ಜರ್ ಅಳವಡಿಸಿದ ಎಂಜಿನ್ನಿಗೆ ಒತ್ತಡ, ಶಾಖ ಎರಡೂ ಅಧಿಕವಾದ್ದರಿಂದ ಬಿಚ್ಚಿ ಪುನರ್ನಿರ್ಮಿಸುವ ಕಾಲ ಬೇಗ ಬರುತ್ತದೆ. ಮರ್ಕ್ರೂಸರ್ 496ರಂತಹ, ಸೂಪರ್‌ಚಾರ್ಜರ್ ಇಲ್ಲದ 8.1 ಲೀಟರ್ ಎಂಜಿನ್ ವೇಗದಲ್ಲಿ ಹಿಂದಾದರೂ ಬಾಳಿಕೆಯಲ್ಲಿ ಮೇಲು. ಆದರೆ ಜನರಲ್ ಮೋಟಾರ್ಸ್ ಅದರ ಮೂಲ ಎಂಜಿನ್ನಿನ ತಯಾರಿಕೆಯನ್ನು 2009ರಲ್ಲಿ ನಿಲ್ಲಿಸಿದೆ. ಬಿಡಿಭಾಗಗಳ ಲಭ್ಯತೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಜೋಡಿ ಎಂಜಿನ್‌ಗಳ ಪ್ರೊಪೆಲ್ಲರ್‌ಗಳು ವಿರುದ್ಧ ದಿಕ್ಕಿಗೆ ತಿರುಗಿದರೆ ದೋಣಿ ಒಂದೇ ಬದಿಗೆ ಎಳೆಯದು. ಒಂದು ಕೆಟ್ಟರೂ ದಡ ಸೇರಬಹುದು. ನಿರ್ವಹಣೆ ಮಾತ್ರ ಇಮ್ಮಡಿ.

ಸಮುದ್ರದ ನೀರೇ ನೇರವಾಗಿ ಹರಿದು ತಂಪುಮಾಡುವ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹೊರಗಿನ ಹೊಸ ಬಣ್ಣಕ್ಕೆ ಮರುಳಾಗಬಾರದು. ಮುಂಗಡ ಕೊಡುವ ಮುನ್ನ ಪ್ರತಿ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಅಂಕಿಗಳಲ್ಲಿ ಬಹಳ ಅಂತರವಿದ್ದರೆ ಚೌಕಾಸಿಗಿಂತ ಹಿಂದೆ ಸರಿಯುವುದೇ ಲೇಸು.